ಮೌಸ್‌ಗೆ ಬಯ್ಯುವ ಮುಂಚೆ ಪ್ಯಾಡ್ ನೋಡಿ: ಗೇಮಿಂಗ್ ಮೌಸ್ ಸೆನ್ಸರ್ ದೋಷ ಪತ್ತೆ ಮಾಡುವ ಬಗೆ

ಎದುರಾಳಿಗೆ ಗುರಿ ಇಟ್ಟು ಮೌಸ್ ಜೋರಾಗಿ ಎಳೆದಿರಿ. ಕ್ರಾಸ್‌ಹೇರ್ (ಆಟದಲ್ಲಿ ಗುರಿ ತೋರಿಸುವ ಗುರುತು) ಹೋಗಿ ಆಕಾಶ ನೋಡುತ್ತಾ ನಿಂತಿತು. ಇಲ್ಲವೇ ನೀರು ಕುಡಿದು ಬರುವಷ್ಟರಲ್ಲಿ ಪಾಯಿಂಟರ್ ತನ್ನಷ್ಟಕ್ಕೆ ಸ್ಕ್ರೀನಿನ ಮೂಲೆ ಸೇರಿತ್ತು. ಆಗ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: 'ಸೆನ್ಸರ್ ಹೋಯ್ತು.' ನಾನೂ ಹಾಗೇ ಅಂದಿದ್ದೆ. ಮೂರು ವಾರ ಮೌಸ್‌ಗೆ ಬೈದು, ಹೊಸದನ್ನು ಆರ್ಡರ್ ಮಾಡುವವನಿದ್ದೆ. ಕೊನೆಗೆ ಅದನ್ನು ಅಂಗಾತ ಮಲಗಿಸಿ ಟಾರ್ಚ್ ಬಿಟ್ಟು ನೋಡಿದರೆ ಸೆನ್ಸರ್ ತೂತಿಗೆ ಅಡ್ಡವಾಗಿ ಒಂದು ಹುಬ್ಬಿನ ಕೂದಲು ಕೂತಿತ್ತು. ಅಷ್ಟೇ.

ಅಲ್ಲಿಂದೀಚೆಗೆ ಗೆಳೆಯರ ಎಷ್ಟೋ ಮೌಸ್ ನೋಡಿದ್ದೇನೆ. ಸೆನ್ಸರ್ ಚಿಪ್ ನಿಜವಾಗಿ ಸತ್ತಿದ್ದು ತೀರಾ ಕಮ್ಮಿ. ತೊಂದರೆ ಇರುವುದು ಹೆಚ್ಚಾಗಿ ಚಿಪ್‌ಗೂ ಪ್ಯಾಡ್‌ಗೂ ನಡುವಿನ ಎರಡು ಮಿಲಿಮೀಟರ್ ಜಾಗದಲ್ಲಿ.

ಯಾಕೆ ಅಂತ ತಿಳಿಯಲು ಮೌಸ್ ಕೆಲಸ ಮಾಡುವ ಬಗೆ ಸ್ವಲ್ಪ ಗೊತ್ತಿರಬೇಕು. ಸೆನ್ಸರ್ ಅಂದರೆ ಒಂದು ಪುಟಾಣಿ ಕ್ಯಾಮೆರಾ. ಪಕ್ಕದಲ್ಲಿರುವ ಎಲ್‌ಇಡಿ ಪ್ಯಾಡ್ ಮೇಲೆ ಓರೆಯಾಗಿ ಬೆಳಕು ಚೆಲ್ಲುತ್ತದೆ. ಇಳಿಬಿಸಿಲಿನಲ್ಲಿ ಹೊಲದ ಹೆಂಟೆಗಳಿಗೆ ಉದ್ದ ನೆರಳು ಬೀಳುತ್ತದಲ್ಲ, ಹಾಗೆ ಬಟ್ಟೆಯ ಎಳೆಗಳಿಗೂ ನೆರಳು ಬೀಳುತ್ತದೆ. ಕ್ಯಾಮೆರಾ ಆ ನೆರಳಿನ ಚಿತ್ರವನ್ನು ಸೆಕೆಂಡಿಗೆ ಸಾವಿರಾರು ಸಲ ತೆಗೆಯುತ್ತದೆ. ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ಹೋಲಿಸಿ 'ಇಷ್ಟು ಬಲಕ್ಕೆ, ಇಷ್ಟು ಮೇಲಕ್ಕೆ ಜರುಗಿದೆ' ಅಂತ ಲೆಕ್ಕ ಹಾಕುತ್ತದೆ. ಅಂದರೆ ಮೌಸ್ ತನ್ನ ಚಲನೆಯನ್ನು ನೇರವಾಗಿ ಅಳೆಯುವುದಿಲ್ಲ, ಪ್ಯಾಡ್ ನೋಡಿ ಊಹಿಸುತ್ತದೆ. ಪ್ಯಾಡ್ ಸರಿಯಾಗಿ ಕಾಣದಿದ್ದರೆ ಊಹೆಯೂ ತಪ್ಪುತ್ತದೆ.

ಈ ನಂಟು ಮೊದಲಿನಿಂದಲೂ ಇದೆ. 1980ರ ದಶಕದಲ್ಲಿ ಮೌಸ್ ಸಿಸ್ಟಮ್ಸ್ ಕಂಪನಿ ಮಾಡಿದ ಆಪ್ಟಿಕಲ್ ಮೌಸ್, ಗೆರೆಚೌಕ ಅಚ್ಚು ಹಾಕಿದ ಲೋಹದ ಪ್ಯಾಡ್ ಇಲ್ಲದೆ ಓಡುತ್ತಲೇ ಇರಲಿಲ್ಲ. 1999ರಲ್ಲಿ ಮೈಕ್ರೋಸಾಫ್ಟ್‌ನ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಬಂದ ಮೇಲೆ 'ಯಾವ ಮೇಜಾದರೂ ನಡೆಯುತ್ತದೆ' ಅನ್ನುವ ನಂಬಿಕೆ ಬಂತು. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿಗೇ ಈ ಬರಹ.

## ಎಲ್ಲಕ್ಕಿಂತ ಮೊದಲು ಒಂದು ಬಿಳಿ ಹಾಳೆ

ಲಕ್ಷಣ ಏನೇ ಇರಲಿ, ಮೊದಲು ಈ ಪರೀಕ್ಷೆ ಮಾಡಿ. ಖರ್ಚಿಲ್ಲ, ಎರಡು ನಿಮಿಷ ಸಾಕು.

ಪ್ರಿಂಟರ್‌ಗೆ ಹಾಕುವ ಮಾಮೂಲಿ ಎ4 ಹಾಳೆಯನ್ನು ಪ್ಯಾಡ್ ಮೇಲೆ ಹಾಸಿ. ಕೆಳಗೆ ಗಾಜಿದ್ದರೆ ಎರಡು ಹಾಳೆ ಹಾಕಿ. ನಾಲ್ಕು ಮೂಲೆಗೂ ಟೇಪ್ ಹಚ್ಚಿ, ಇಲ್ಲದಿದ್ದರೆ ಹಾಳೆಯೇ ಮೌಸ್ ಜೊತೆ ಓಡುತ್ತದೆ. ಡಿಪಿಐ, ಅಂದರೆ ಮೌಸ್ ಒಂದು ಇಂಚು ಚಲಿಸಿದರೆ ಎಷ್ಟು ಹೆಜ್ಜೆ ಎಣಿಸುತ್ತದೆ ಅನ್ನುವ ಅಂಕಿ, ಅದನ್ನು 800ಕ್ಕೆ ಇಳಿಸಿ. ಪೇಂಟ್ ತರಹದ ಯಾವುದಾದರೂ ಚಿತ್ರ ಬರೆಯುವ ಪ್ರೋಗ್ರಾಂ ತೆರೆದು, ಪೆನ್ಸಿಲ್ ಹಿಡಿದು ನಿಧಾನವಾಗಿ ಓರೆ ಗೆರೆ ಎಳೆಯಿರಿ. ಆಮೇಲೆ ದೊಡ್ಡ ವೃತ್ತ. ಆಮೇಲೆ ಸುಮ್ನೆ ವೇಗವಾಗಿ ಗೀಚಿ.

ಒಳ್ಳೆಯ ಬಿಳಿ ಹಾಳೆ ಆಪ್ಟಿಕಲ್ ಸೆನ್ಸರ್‌ಗೆ ತುಂಬಾ ಇಷ್ಟದ ಜಾಗ. ಹೊಳಪಿಲ್ಲ, ನಾರಿನ ಸಣ್ಣ ಗುರುತುಗಳು ಬೇಕಾದಷ್ಟಿವೆ, ಎತ್ತರ ಎಲ್ಲ ಕಡೆ ಒಂದೇ. ಹಾಗಾಗಿ ಹಾಳೆಯ ಮೇಲೆ ತೊಂದರೆ ಮಾಯವಾದರೆ ಕಳ್ಳ ಪ್ಯಾಡೇ. ಹಾಳೆಯ ಮೇಲೂ ಹಾಗೇ ಇದ್ದರೆ ಲೆನ್ಸಿನ ಕೊಳೆ, ವೈರು, ವೈರ್‌ಲೆಸ್ ಸಿಗ್ನಲ್ ಅಥವಾ ಸೆಟ್ಟಿಂಗ್ ಕಡೆ ನೋಡಬೇಕು. ಈ ಒಂದು ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ಗೆರೆ ಓದುವಾಗ ಒಂದು ಎಚ್ಚರ. ಓರೆ ಗೆರೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಸಹಜ, ಅದು ಸ್ಕ್ರೀನಿನ ಪಿಕ್ಸೆಲ್. ಕೈ ನಡುಕದಿಂದ ಸಣ್ಣ ಅಲೆ ಬರುವುದೂ ಸಹಜ. ಗೆರೆ ಇದ್ದಕ್ಕಿದ್ದಂತೆ ಕೊಕ್ಕೆಯಂತೆ ತಿರುಗುವುದು, ನಡುವೆ ಒಂದು ಕಡೆ ಉದ್ದಕ್ಕೆ ಹಾರುವುದು, ನೀವು ಎಳೆಯುತ್ತಿದ್ದರೂ ಅಲ್ಲೇ ನಿಲ್ಲುವುದು, ಇವು ಸಹಜವಲ್ಲ. ಡಿಪಿಐ 12,000 ಮಾಡಿಟ್ಟುಕೊಂಡು 'ಗೆರೆ ನಡುಗುತ್ತಿದೆ' ಅಂತ ಗಾಬರಿಯಾಗಬೇಡಿ. ಅಷ್ಟು ಎತ್ತರದಲ್ಲಿ ನಿಮ್ಮ ನಾಡಿ ಬಡಿತವೂ ಗೆರೆಯಲ್ಲಿ ಕಾಣುತ್ತದೆ.

ಹಾಳೆ ಪರೀಕ್ಷೆಗೆ ಮಾತ್ರ. ಕಾಗದದ ಮೇಲೆ ದಿನಗಟ್ಟಲೆ ಆಡಿದರೆ ಮೌಸಿನ ಪಾದಗಳು (ತಳದಲ್ಲಿ ಅಂಟಿಸಿರುವ ನುಣುಪು ಪಟ್ಟಿಗಳು) ಸವೆಯುತ್ತವೆ.

## ಮೌಸ್ ಮುಟ್ಟದಿದ್ದರೂ ಪಾಯಿಂಟರ್ ನಡುಗುತ್ತದೆ, ಜಾರುತ್ತದೆ

ಮೊದಲು ಮೌಸನ್ನು ಅಂಗಾತ ಮಾಡಿ, ತೂತನ್ನು ಕೈಯಿಂದ ಮುಚ್ಚದೆ, ಸುಮ್ಮನೆ ಇಡಿ. ಪಾಯಿಂಟರ್ ಆಗಲೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಮೌಸ್ ಪಾಪ, ಅದರ ತಪ್ಪು ಇರಲಿಕ್ಕಿಲ್ಲ. ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಮೇಲೆ ಏನಾದರೂ ಬಿದ್ದಿದೆಯಾ ನೋಡಿ. ಆಟದೊಳಗೆ ಮಾತ್ರ ಕ್ಯಾಮೆರಾ ನಿಧಾನಕ್ಕೆ ಸುತ್ತುತ್ತಿದ್ದರೆ, ಮೂಲೆಯಲ್ಲಿ ಪ್ಲಗ್ ಆಗಿರುವ ಗೇಮ್ ಕಂಟ್ರೋಲರ್ ತೆಗೆಯಿರಿ. ಸವೆದ ಸ್ಟಿಕ್ ಇರುವ ಕಂಟ್ರೋಲರ್ ಕದ್ದು ಕದ್ದು ಸಿಗ್ನಲ್ ಕಳಿಸುತ್ತಿರುತ್ತದೆ. ಇದಕ್ಕೆ ಮೌಸ್ ಬದಲಿಸಿದವರೂ ಇದ್ದಾರೆ.

ಅಂಗಾತ ಇಟ್ಟಾಗ ನಿಂತು, ಪ್ಯಾಡ್ ಮೇಲೆ ಇಟ್ಟಾಗ ಮಾತ್ರ ನಡುಗಿದರೆ, ಈಗ ತೂತಿನೊಳಗೆ ನೋಡುವ ಸಮಯ. ವೈರು ಕೀಳಿ ಅಥವಾ ಸ್ವಿಚ್ ಆಫ್ ಮಾಡಿ. ಟಾರ್ಚನ್ನು ನೇರವಾಗಿ ಬಿಡಬೇಡಿ, ಪಕ್ಕದಿಂದ ಓರೆಯಾಗಿ ಬಿಡಿ. ನೇರ ಬೆಳಕಿನಲ್ಲಿ ಲೆನ್ಸ್ ಬರೀ ಹೊಳೆಯುತ್ತದೆ, ಓರೆ ಬೆಳಕಿನಲ್ಲಿ ಕೂದಲು ಬೆಳ್ಳಿ ತಂತಿಯ ಹಾಗೆ ಎದ್ದು ಕಾಣುತ್ತದೆ. ನನ್ನ ಮೌಸಿನಲ್ಲಿ ಅದರ ಒಂದು ತುದಿ ತೂತಿನ ಅಂಚಿಗೆ ಸಿಕ್ಕಿಕೊಂಡಿತ್ತು, ಇನ್ನೊಂದು ತುದಿ ಗಾಳಿಗೆ ಅಲ್ಲಾಡುತ್ತಿತ್ತು. ಸೆನ್ಸರ್ ಕಣ್ಣಿಗೆ ಅದು ಅಲ್ಲಾಡಿದರೆ ಭೂಮಿಯೇ ಅಲ್ಲಾಡಿದ ಹಾಗೆ. ನಾನು ಮೌಸ್ ಎತ್ತಿ ಇಟ್ಟಾಗಲೆಲ್ಲ ಕೂದಲು ಜಾಗ ಬದಲಿಸುತ್ತಿತ್ತು. ಅದಕ್ಕೇ ತೊಂದರೆ ಒಮ್ಮೆ ಇತ್ತು, ಒಮ್ಮೆ ಇರಲಿಲ್ಲ.

ತೆಗೆಯುವುದು ಹೇಗೆ? ಕ್ಯಾಮೆರಾ ಲೆನ್ಸಿಗೆ ಬಳಸುವ ರಬ್ಬರ್ ಬ್ಲೋವರ್ ಇದ್ದರೆ ಎರಡು ಸಲ ಊದಿ. ಇಲ್ಲದಿದ್ದರೆ ಒಣ ಕಿವಿಕಡ್ಡಿಯನ್ನು ಲೆನ್ಸಿಗೆ ಒತ್ತದೆ, ಹಗುರವಾಗಿ ಉರುಳಿಸಿ ತೆಗೆಯಿರಿ. ಅಂಟು ಕಲೆ ಇದ್ದರೆ ಕಡ್ಡಿಯ ತುದಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ, ಪೂರ್ತಿ ಆರಿದ ಮೇಲೆ ಆನ್ ಮಾಡಿ. ಆಲ್ಕೊಹಾಲ್ ಬಾಟಲಿ ಬೆಂಕಿಯಿಂದ ದೂರ ಇರಲಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಲೆನ್ಸ್ ಮೇಲೆ ಒಣಗಿ ಹೊಸ ಕಲೆ ಆಗುತ್ತದೆ. ಪಿನ್ನು, ಸೂಜಿ ಅಂತೂ ಬೇಡವೇ ಬೇಡ. ಲೆನ್ಸ್ ಪ್ಲಾಸ್ಟಿಕ್ಕಿನದು, ಒಮ್ಮೆ ಗೀರು ಬಿದ್ದರೆ ಬಿತ್ತು.

'ದೀಪವೇ ಉರಿಯುತ್ತಿಲ್ಲ, ಸತ್ತಿದೆ' ಅಂತ ನಿರ್ಧಾರ ಮಾಡಬೇಡಿ. ಈಗಿನ ಗೇಮಿಂಗ್ ಸೆನ್ಸರ್‌ಗಳಲ್ಲಿ ಹೆಚ್ಚಿನವು ಇನ್ಫ್ರಾರೆಡ್ ಬೆಳಕು ಬಳಸುತ್ತವೆ. ಪಿಕ್ಸ್‌ಆರ್ಟ್ ಕಂಪನಿಯ 3360 ಸೆನ್ಸರಿನ ಬೆಳಕು 850 ನ್ಯಾನೊಮೀಟರ್, ಕಣ್ಣಿಗೆ ಕಾಣದು. ಫೋನಿನ ಕ್ಯಾಮೆರಾದಲ್ಲಿ ನೋಡಿದರೆ ಮಸುಕು ನೇರಳೆ ಚುಕ್ಕಿ ಕಾಣಬಹುದು. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾ ಪ್ರಯತ್ನಿಸಿ. ಲೇಸರ್ ಮೌಸ್ ಆಗಿದ್ದರೆ ತೂತಿನೊಳಗೆ ಕಣ್ಣಿಟ್ಟು ನೋಡುವ ಸಾಹಸ ಬೇಡ. ಕಾಣದ ಬೆಳಕಿಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುವುದಿಲ್ಲ.

ಲೆನ್ಸ್ ಸ್ವಚ್ಛ ಇದೆ, ಆದರೂ ನಡುಕ ಇದೆ ಅಂದರೆ ಮೇಜಿನ ಮೇಲೆ ಸ್ಪೀಕರ್ ಇದೆಯಾ ನೋಡಿ. ಬಾಸ್ ಜೋರಾದಾಗ ಮಾತ್ರ ಪಾಯಿಂಟರ್ ಕುಣಿಯುತ್ತಿದ್ದರೆ ಕಾರಣ ಸಿಕ್ಕಿತು.

## ಜೋರಾಗಿ ಎಳೆದಾಗ ಕ್ರಾಸ್‌ಹೇರ್ ಆಕಾಶಕ್ಕೋ ನೆಲಕ್ಕೋ ಹಾರುತ್ತದೆ

ಇದಕ್ಕೆ ಆಟಗಾರರು 'ಸ್ಪಿನ್ ಔಟ್' ಅನ್ನುತ್ತಾರೆ. ಕಾರಣ ಸರಳ. ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ಒಂದಷ್ಟು ಭಾಗ ಸಾಮಾನ್ಯವಾಗಿರಬೇಕು. ಆ ಹೊಂದಿಕೆ ಸಿಗದಿದ್ದರೆ ಸೆನ್ಸರ್ ತೋಚಿದ ಉತ್ತರ ಕೊಡುತ್ತದೆ.

ಡಬ್ಬಿಯ ಮೇಲೆ 'ಐಪಿಎಸ್' ಅಂತ ಒಂದು ಅಂಕಿ ಇರುತ್ತದೆ. ಸೆಕೆಂಡಿಗೆ ಎಷ್ಟು ಇಂಚು ವೇಗದವರೆಗೆ ಸೆನ್ಸರ್ ತಾಳುತ್ತದೆ ಅನ್ನುವುದು ಅದರ ಅರ್ಥ. ಪಿಕ್ಸ್‌ಆರ್ಟ್ 3360ಕ್ಕೆ ಅದು 250, ಅಂದರೆ ಸೆಕೆಂಡಿಗೆ 6.35 ಮೀಟರ್. 3395ಕ್ಕೆ 650, ಅಂದರೆ 16.5 ಮೀಟರ್. ಅಂಥ ಮೌಸ್ ನಿಮ್ಮದಾಗಿದ್ದರೆ ಕೈವೇಗಕ್ಕೆ ಸೆನ್ಸರ್ ಸೋಲುವ ಮಾತು ಹೆಚ್ಚುಕಮ್ಮಿ ಇಲ್ಲ. ಆದರೆ ಈ ಅಂಕಿಗಳು ಸೆನ್ಸರ್‌ಗೆ ಹೊಂದುವ ಮೇಲ್ಮೈಯ ಮೇಲಿನ ಮಾತು. ಹೊಳಪಿನ ಮೇಜಿನ ಮೇಲೆ ಅದೇ ಮೌಸ್ ತುಂಬಾ ಮುಂಚೆ ಕೈಬಿಡಬಹುದು. ಕಚೇರಿ ಕೆಲಸಕ್ಕೆಂದು ಮಾಡಿದ ಅಗ್ಗದ ಮೌಸ್‌ಗಳ ಮಿತಿ ಇನ್ನೂ ಕೆಳಗೆ. ಅವುಗಳಲ್ಲಿ ಸ್ಪಿನ್ ಔಟ್ ಆದರೆ ಅದು ದೋಷ ಅಲ್ಲ, ಯೋಗ್ಯತೆ ಅಷ್ಟೇ.

ಒಳ್ಳೆಯ ಸೆನ್ಸರ್, ಒಳ್ಳೆಯ ಬಟ್ಟೆ ಪ್ಯಾಡ್, ಆದರೂ ಹಾರುತ್ತದೆ. ಆಗ ನಿಮ್ಮ ಕೈಯನ್ನೇ ನೋಡಬೇಕು. ಫೋನನ್ನು ಮೇಜಿನ ಮಟ್ಟದಲ್ಲಿಟ್ಟು, ಸ್ಲೋ ಮೋಷನ್‌ನಲ್ಲಿ ನಿಮ್ಮ ಫ್ಲಿಕ್, ಅಂದರೆ ಆ ಸರ್ರನೆಯ ಎಳೆತ, ರೆಕಾರ್ಡ್ ಮಾಡಿ. ಎಳೆತದ ಕೊನೆಯಲ್ಲಿ ಮೌಸಿನ ಒಂದು ಅಂಚು ಮೇಲೇಳುವುದು ಕಾಣಬಹುದು. ಹಗುರ ಮೌಸ್ ಬಂದ ಮೇಲೆ ಇದು ಜಾಸ್ತಿ. ಅಂಚು ಎದ್ದಾಗ ಸೆನ್ಸರ್ ಪ್ಯಾಡಿನಿಂದ ದೂರವಾಗುತ್ತದೆ, ಚಿತ್ರ ಮಸುಕಾಗುತ್ತದೆ. ಮೌಸ್ ಸಾಫ್ಟ್‌ವೇರಿನಲ್ಲಿ ಲಿಫ್ಟ್ ಆಫ್ ಎತ್ತರ (ಮೌಸ್ ಎಷ್ಟು ಎತ್ತಿದರೆ ಸೆನ್ಸರ್ ಓದುವುದನ್ನು ನಿಲ್ಲಿಸುತ್ತದೆ ಅನ್ನುವ ಅಳತೆ) 1 ಮಿಲಿಮೀಟರ್ ಇದ್ದರೆ 2ಕ್ಕೆ ಏರಿಸಿ ನೋಡಿ. 'ಕಮ್ಮಿ ಇದ್ದಷ್ಟೂ ಒಳ್ಳೆಯದು' ಅಂತ ಎಲ್ಲರೂ ಹೇಳುತ್ತಾರೆ, ಆದರೆ ಕೈ ವಾಲಿಸಿ ಆಡುವವರಿಗೆ ಕಮ್ಮಿ ಎತ್ತರವೇ ಶತ್ರು.

ಇನ್ನೊಂದು ಜಾಗ ಪ್ಯಾಡಿನ ಅಂಚು. ಸುತ್ತ ದಪ್ಪ ಹೊಲಿಗೆ ಇರುವ ಪ್ಯಾಡಿನಲ್ಲಿ ಮೌಸ್ ಆ ಹೊಲಿಗೆಯ ಮೇಲೆ ಹತ್ತಿದರೆ ಇದೇ ಕಥೆ. ಪ್ರತಿ ಸಲ ಎಡ ಫ್ಲಿಕ್‌ನಲ್ಲೇ ಹಾರುತ್ತದೆ ಅಂದರೆ ಕೀಬೋರ್ಡ್ ಸ್ವಲ್ಪ ಸರಿಸಿ, ಪ್ಯಾಡನ್ನು ಎಡಕ್ಕೆ ಎಳೆದುಕೊಳ್ಳಿ.

## ಮೌಸ್ ಎತ್ತಿ ಇಡುವಾಗ ಪಾಯಿಂಟರ್ ಪಕ್ಕಕ್ಕೆ ಜರುಗುತ್ತದೆ

ಕಡಿಮೆ ಸೆನ್ಸಿಟಿವಿಟಿಯಲ್ಲಿ, ಅಂದರೆ ಸ್ವಲ್ಪ ತಿರುಗಲೂ ಮೌಸನ್ನು ದೂರ ಎಳೆಯಬೇಕಾದ ಸೆಟ್ಟಿಂಗಿನಲ್ಲಿ, ಆಡುವವರಿಗೆ ಇದು ದೊಡ್ಡ ತಲೆನೋವು, ಏಕೆಂದರೆ ಅವರು ಮೌಸ್ ಎತ್ತಿ ಎತ್ತಿ ಇಡುತ್ತಿರುತ್ತಾರೆ. ಸೆನ್ಸರ್ ಗಾಳಿಯಲ್ಲಿದ್ದಾಗಲೂ ಪ್ಯಾಡ್ ನೋಡುತ್ತಿದೆ ಅನ್ನುವುದೇ ಇದರ ಅರ್ಥ.

ಎತ್ತರ ಅಳೆಯಲು ಹಳೇ ಸಿಡಿಗಳು ಸಾಕು. ಒಂದು ಸಿಡಿಯ ದಪ್ಪ 1.2 ಮಿಲಿಮೀಟರ್. ಮೌಸಿನ ಮುಂದಿನ ಪಾದದ ಕೆಳಗೆ ಒಂದು, ಹಿಂದಿನ ಪಾದದ ಕೆಳಗೆ ಒಂದು ಇಡಿ, ಸೆನ್ಸರ್ ತೂತು ನಡುವಿನ ಸಂದಿಯಲ್ಲಿ ಪ್ಯಾಡ್ ನೋಡುತ್ತಿರಲಿ. ಮೌಸ್ ಅಲ್ಲಾಡಿಸಿ. ಪಾಯಿಂಟರ್ ಓಡಿದರೆ ಎರಡೂ ಕಡೆ ಇನ್ನೊಂದೊಂದು ಸಿಡಿ ಸೇರಿಸಿ. ಒಂದು ಸಿಡಿ ಎತ್ತರದಲ್ಲಿ ಓಡಿ, ಎರಡರಲ್ಲಿ ನಿಂತರೆ ನಿಮ್ಮ ಲಿಫ್ಟ್ ಆಫ್ ಎತ್ತರ 1.2ರಿಂದ 2.4 ಮಿಲಿಮೀಟರ್ ನಡುವೆ ಇದೆ. ಅದು ಸಾಮಾನ್ಯ. ಮೂರು ಸಿಡಿಯಲ್ಲೂ ಓಡುತ್ತಿದ್ದರೆ ಜಾಸ್ತಿ ಆಯ್ತು.

ಅದೇ ಮೌಸ್ ಬೇರೆ ಪ್ಯಾಡ್ ಮೇಲೆ ಬೇರೆ ಎತ್ತರ ತೋರಿಸುತ್ತದೆ, ಆದ್ದರಿಂದ ನೀವು ಆಡುವ ಪ್ಯಾಡ್ ಮೇಲೇ ಅಳೆಯಿರಿ. ಸಾಫ್ಟ್‌ವೇರಿನಲ್ಲಿ ಮೇಲ್ಮೈ ಕ್ಯಾಲಿಬ್ರೇಷನ್ ಇದ್ದರೆ ಮಾಡಿ. ಅದು ನಿಮ್ಮ ಪ್ಯಾಡ್ ಹತ್ತಿರದಿಂದ ಹೇಗೆ ಕಾಣುತ್ತದೆ ಅಂತ ಕಲಿತು, ಚಿತ್ರ ಅದಕ್ಕಿಂತ ಮಂಕಾದರೆ ಓದುವುದನ್ನು ನಿಲ್ಲಿಸುತ್ತದೆ. ಹೊಸ ಪ್ಯಾಡ್ ತಂದಾಗ ಮತ್ತೆ ಮಾಡಬೇಕು. ಹಳೇ ಪ್ಯಾಡಿನ ಕ್ಯಾಲಿಬ್ರೇಷನ್ ಇಟ್ಟುಕೊಂಡು ಹೊಸ ಪ್ಯಾಡಿನ ಮೇಲೆ ಆಡಿದರೆ ಹೊಸ ತೊಂದರೆಯೇ ಶುರುವಾಗುತ್ತದೆ. 'ನಿನ್ನೆವರೆಗೆ ಚೆನ್ನಾಗಿತ್ತು' ಅನ್ನುವ ದೂರುಗಳಲ್ಲಿ ಇದೂ ಒಂದು.

ಸೆನ್ಸರ್ ತೂತಿಗೆ ಅರ್ಧ ಟೇಪ್ ಅಂಟಿಸುವ ಹಳೇ ಉಪಾಯ ಕೇಳಿರಬಹುದು. ಬೆಳಕು ತಡೆದು ಎತ್ತರ ಕಮ್ಮಿ ಮಾಡುತ್ತದೆ, ನಿಜ. ಆದರೆ ಟೇಪಿನ ಅಂಟು ಧೂಳು ಹಿಡಿಯುತ್ತದೆ, ಟ್ರ್ಯಾಕಿಂಗೂ ಕೆಡಬಹುದು. ನಾನಂತೂ ಹೇಳುವುದಿಲ್ಲ.

## ಹೊಸ ಪ್ಯಾಡ್ ಹಾಕಿದೆ, ಏಮ್ ಎಲ್ಲ ಏರುಪೇರಾಯ್ತು

ಇಲ್ಲಿ ಎರಡು ಬೇರೆ ಬೇರೆ ವಿಷಯಗಳು ಒಂದರೊಳಗೊಂದು ಬೆರೆತಿರುತ್ತವೆ. ಒಂದು, ಪ್ಯಾಡಿನ ಘರ್ಷಣೆ ಬದಲಾಗಿದೆ, ಕೈಗೆ ಅಭ್ಯಾಸ ಇಲ್ಲ. ಎರಡು, ಸೆನ್ಸರ್ ನಿಜವಾಗಿಯೂ ಬೇರೆ ಲೆಕ್ಕ ಕೊಡುತ್ತಿದೆ. ಮೊದಲನೆಯದಕ್ಕೆ ಒಂದು ವಾರ ಆಡುವುದೇ ಮದ್ದು. ಎರಡನೆಯದನ್ನು ಅಳೆಯಬಹುದು.

ಅಳೆಯುವ ಮೊದಲು ವಿಂಡೋಸ್‌ನ ಮೌಸ್ ಸೆಟ್ಟಿಂಗಿಗೆ ಹೋಗಿ 'ಎನ್‌ಹಾನ್ಸ್ ಪಾಯಿಂಟರ್ ಪ್ರಿಸಿಶನ್' ಆಫ್ ಮಾಡಿ. ಹೆಸರು ಚೆನ್ನಾಗಿದೆ, ಆದರೆ ಅದು ವೇಗ ಹೆಚ್ಚಾದಂತೆ ದೂರ ಹೆಚ್ಚಿಸುವ ಆಕ್ಸೆಲರೇಷನ್. ಅದು ಆನ್ ಇದ್ದರೆ ಈ ಕೆಳಗಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ವೇಗದ ಪಟ್ಟಿಯನ್ನು 11 ಮೆಟ್ಟಿಲಲ್ಲಿ ನಡುವಿನ 6ಕ್ಕೆ ಇಡಿ. ಆಗ 800 ಡಿಪಿಐನಲ್ಲಿ 1920 ಪಿಕ್ಸೆಲ್ ಅಗಲದ ಸ್ಕ್ರೀನನ್ನು ಈ ತುದಿಯಿಂದ ಆ ತುದಿಗೆ ದಾಟಲು ಮೌಸ್ 2.4 ಇಂಚು, ಅಂದರೆ ಸುಮಾರು 6.1 ಸೆಂಟಿಮೀಟರ್ ಚಲಿಸಬೇಕು. ಸ್ಕೇಲ್ ಇಟ್ಟು ನೋಡಿ.

6 ಸೆಂಟಿಮೀಟರಿನಲ್ಲಿ ಸಣ್ಣ ವ್ಯತ್ಯಾಸ ಹಿಡಿಯುವುದು ಕಷ್ಟ. ಹಾಗಾಗಿ ಆಟದೊಳಗೆ ಒಂದು ಪೂರ್ತಿ ಸುತ್ತು ತಿರುಗಲು ಎಷ್ಟು ಸೆಂಟಿಮೀಟರ್ ಬೇಕು ಅಂತ ಹಳೇ ಪ್ಯಾಡ್, ಹೊಸ ಪ್ಯಾಡ್ ಎರಡರ ಮೇಲೂ ಅಳೆಯಿರಿ. ಉದಾಹರಣೆಗೆ, ಹಳೆಯದರ ಮೇಲೆ 40 ಬೇಕಿತ್ತು, ಹೊಸದರ ಮೇಲೆ 38.5ಕ್ಕೇ ಸುತ್ತು ಮುಗಿಯಿತು ಅನ್ನಿ. ಅಂದರೆ ಮೌಸ್ ಸುಮಾರು 4 ಶೇಕಡಾ ಜಾಸ್ತಿ ಎಣಿಸುತ್ತಿದೆ. ಕೆಟ್ಟಿಲ್ಲ, ಇಂಥ ಸಣ್ಣ ವ್ಯತ್ಯಾಸ ಮಾಮೂಲು. ಲೆನ್ಸಿಗೂ ಪ್ಯಾಡಿಗೂ ನಡುವಿನ ದೂರ ಸುಮಾರು 2.4 ಮಿಲಿಮೀಟರ್ ಇರಬೇಕು ಅಂತ ವಿನ್ಯಾಸ ಮಾಡಿರುತ್ತಾರೆ. ಮೆತ್ತನೆ ಪ್ಯಾಡಿನಲ್ಲಿ ಪಾದ ಹುದುಗಿದರೆ ಆ ದೂರ ಕಮ್ಮಿಯಾಗುತ್ತದೆ. ಹತ್ತಿರದ ವಸ್ತು ದೊಡ್ಡದಾಗಿ ಕಾಣುತ್ತದೆ ಅಲ್ವಾ? ಹಾಗೇ ಅದೇ ಚಲನೆ ಸೆನ್ಸರ್‌ಗೆ ಜಾಸ್ತಿ ದೂರವಾಗಿ ಕಾಣುತ್ತದೆ. ದಪ್ಪ ಪಾದ ಅಂಟಿಸಿದರೆ ಇದರ ತಿರುಗುಮುರುಗು. ಕುಸ್ತಿ ಆಡುವವರ ಹಾಗೆ ಮೌಸ್ ಒತ್ತಿ ಹಿಡಿಯುವವರಿಗೆ ಮೆತ್ತನೆ ಪ್ಯಾಡಿನಲ್ಲಿ ಪಂದ್ಯದ ಬಿಸಿ ಏರಿದಂತೆ ಸೆನ್ಸಿಟಿವಿಟಿಯೂ ಕೂದಲೆಳೆಯಷ್ಟು ಏರುತ್ತದೆ.

ಸರಿಪಡಿಸಲು ಡಿಪಿಐ ಮುಟ್ಟಬೇಡಿ. 800ರಿಂದ 750ಕ್ಕೆ ಇಳಿಸಿದರೆ 6 ಶೇಕಡಾಕ್ಕಿಂತ ಹೆಚ್ಚು ಇಳಿದುಹೋಗುತ್ತದೆ. ಆಟದ ಸೆನ್ಸಿಟಿವಿಟಿಯನ್ನೇ ದಶಮಾಂಶದ ಲೆಕ್ಕದಲ್ಲಿ ಹೊಂದಿಸಿ.

ದೂರ ಒಮ್ಮೆ ಒಂದು ಥರ, ಇನ್ನೊಮ್ಮೆ ಇನ್ನೊಂದು ಥರ ಬರುತ್ತಿದ್ದರೆ ಮಾತ್ರ ಅನುಮಾನಿಸಿ. ಪ್ಯಾಡಿನ ಎಡಕ್ಕೂ ಬಲಕ್ಕೂ ಒಂದೊಂದು ದಪ್ಪ ಪುಸ್ತಕ ಇಡಿ. ಮೌಸನ್ನು ಎಡ ಪುಸ್ತಕಕ್ಕೆ ತಾಗಿಸಿ, ಕ್ರಾಸ್‌ಹೇರನ್ನು ಗೋಡೆಯ ಒಂದು ಗುರುತಿನ ಮೇಲೆ ನಿಲ್ಲಿಸಿ. ಬಲ ಪುಸ್ತಕದವರೆಗೆ ಸರ್ರನೆ ಎಳೆಯಿರಿ. ಆಮೇಲೆ ಆಮೆ ನಡಿಗೆಯಲ್ಲಿ ಎಡ ಪುಸ್ತಕಕ್ಕೆ ವಾಪಸ್ ತನ್ನಿ. ಕ್ರಾಸ್‌ಹೇರ್ ಅದೇ ಗುರುತಿಗೆ ಬಂದು ನಿಂತರೆ ಸೆನ್ಸರ್ ಸಾಚಾ. ಪ್ರತಿ ಸಲ ಒಂದೇ ಕಡೆಗೆ ತಪ್ಪಿದರೆ ಆಕ್ಸೆಲರೇಷನ್ ಇದೆ. ಸೆಟ್ಟಿಂಗ್ ಎಲ್ಲ ಸರಿಯಿದ್ದೂ ಹೀಗಾದರೆ ಮತ್ತು ನಿಮ್ಮದು ಹಳೆಯ ಲೇಸರ್ ಮೌಸ್ ಆಗಿದ್ದರೆ ಬಟ್ಟೆ ಪ್ಯಾಡೇ ಕಾರಣ. ಲೇಸರ್ ಬೆಳಕು ಎಳೆಗಳ ಮೇಲ್ಭಾಗವನ್ನಷ್ಟೇ ಅಲ್ಲ, ನೇಯ್ಗೆಯ ಆಳವನ್ನೂ ತೋರಿಸುತ್ತದೆ. ವೇಗ ಬದಲಾದಂತೆ ಲೆಕ್ಕವೂ ಬದಲಾಗುತ್ತದೆ. ಅಂಥ ಮೌಸ್‌ಗೆ ಗಟ್ಟಿ ಪ್ಲಾಸ್ಟಿಕ್ ಪ್ಯಾಡ್ ವಾಸಿ. ಸ್ಪರ್ಧೆಯ ಆಟಗಾರರು ಲೇಸರ್ ಬಿಟ್ಟು ಎಲ್‌ಇಡಿ ಕಡೆ ಬಂದಿದ್ದಕ್ಕೆ ಇದೇ ದೊಡ್ಡ ಕಾರಣ.

## ಪ್ಯಾಡಿನ ಒಂದೇ ಜಾಗದಲ್ಲಿ ಕೈಕೊಡುತ್ತದೆ

ಪ್ಯಾಡನ್ನು ಅರ್ಧ ಸುತ್ತು ತಿರುಗಿಸಿ ಹಾಕಿ. ತೊಂದರೆಯೂ ಅದರ ಜೊತೆ ತಿರುಗಿ ಇನ್ನೊಂದು ಕಡೆಗೆ ಹೋದರೆ ಪ್ಯಾಡಿನದೇ ತಪ್ಪು. ಅಲ್ಲೇ ಉಳಿದರೆ ಕೆಳಗಿನ ಮೇಜು ಉಬ್ಬುತಗ್ಗಾಗಿದೆ.

ಹಳೇ ಬಟ್ಟೆ ಪ್ಯಾಡಿನ ನಡುವೆ ಬೆವರು, ಚರ್ಮದ ಎಣ್ಣೆ ಕೂತು ಎಳೆಗಳು ಚಪ್ಪಟೆಯಾಗಿರುತ್ತವೆ. ಓರೆಯಾಗಿ ನೋಡಿದರೆ ಆ ಜಾಗ ಹೊಳೆಯುತ್ತದೆ. ಉಗುರು ಬೆಚ್ಚಗಿನ ನೀರು, ಸೌಮ್ಯ ಸೋಪು, ಮೆತ್ತನೆ ಬ್ರಷ್ ಹಿಡಿದು ತೊಳೆಯಿರಿ. ಹಿಂಡಬೇಡಿ, ರಬ್ಬರ್ ತಳ ಮಡಿಚಿಕೊಂಡರೆ ಮತ್ತೆ ಸಪಾಟಾಗುವುದಿಲ್ಲ. ನೆರಳಲ್ಲಿ ಹಾಸಿ, ಪೂರ್ತಿ ಒಣಗುವವರೆಗೆ ಬಿಡಿ. ಒಂದು ದಿನಕ್ಕಿಂತ ಜಾಸ್ತಿಯೇ ಹಿಡಿಯಬಹುದು. ದೀಪ ಉರಿಯುವ, ವೈರು ಇರುವ ಪ್ಯಾಡನ್ನು ನೀರಿಗೆ ಹಾಕಬೇಡಿ, ವೈರು ಕಿತ್ತಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತೊಳೆದ ಮೇಲೂ ನಡುವಿನ ಜಾಗ ಹಾಗೇ ಇದ್ದರೆ ಬಟ್ಟೆ ಸವೆದಿದೆ, ಪ್ಯಾಡ್ ಬದಲಿಸಿ.

ಚಿತ್ರ ಅಚ್ಚಾದ ಪ್ಯಾಡಿನಲ್ಲಿ ಬಣ್ಣ ಬದಲಾಗುವ ಗಡಿಯಲ್ಲಿ ಪಾಯಿಂಟರ್ ತಡವರಿಸಬಹುದು. ಹಳೇ ಕೆಂಪು ಎಲ್‌ಇಡಿ ಮೌಸ್‌ಗಳಲ್ಲಿ ಇದು ಹೆಚ್ಚು. ಕಣ್ಣಳತೆಯಲ್ಲಿ ಊಹಿಸುವುದು ಕಷ್ಟ. ನಮಗೆ ಕಪ್ಪಾಗಿ ಕಾಣುವ ಬಟ್ಟೆಯ ಬಣ್ಣ ಇನ್ಫ್ರಾರೆಡ್ ಬೆಳಕಿನಲ್ಲಿ ಬೆಳ್ಳಗೆ ಕಾಣಬಹುದು. ಅನುಮಾನ ಇದ್ದರೆ ಗಡಿಯ ಮೇಲೆ ನಿಧಾನಕ್ಕೆ ಗೆರೆ ಎಳೆದು ನೋಡಿ. ಪ್ಯಾಡ್ ಕೊಳ್ಳುವಾಗ ಒಂದೇ ಬಣ್ಣದ್ದು ತಗೊಂಡರೆ ಈ ರಗಳೆಯೇ ಇಲ್ಲ.

## ಗಾಜಿನ ಮೇಲೆ, ಹೊಳಪು ಮೇಜಿನ ಮೇಲೆ ಓಡುವುದಿಲ್ಲ

ಪಾರದರ್ಶಕ ಗಾಜಿನ ಮೇಲೆ ನೋಡಲು ಗುರುತೇ ಇಲ್ಲ. ಕನ್ನಡಿ, ಪಾಲಿಶ್ ಮಾಡಿದ ಕಲ್ಲು ಬೆಳಕನ್ನು ಕ್ಯಾಮೆರಾ ಕಡೆ ಕಳಿಸದೆ ಬೇರೆ ದಿಕ್ಕಿಗೆ ಎಸೆಯುತ್ತವೆ. ಇದು ದೋಷವಲ್ಲ. ಲಾಜಿಟೆಕ್ 2009ರಲ್ಲಿ ತಂದ ಡಾರ್ಕ್‌ಫೀಲ್ಡ್ ಸೆನ್ಸರ್ ಗಾಜಿನ ಮೇಲಿನ ಧೂಳಿನ ಕಣ, ಸಣ್ಣ ಗೀರುಗಳನ್ನೇ ಹಿಡಿದು ಓಡುತ್ತದೆ. ಅದಕ್ಕೂ ಕನಿಷ್ಠ 4 ಮಿಲಿಮೀಟರ್ ದಪ್ಪದ ಗಾಜು ಬೇಕು. ಆದರೆ ಅದು ಕಚೇರಿ ಮೌಸ್‌ಗಳ ಸೆನ್ಸರ್, ಆಟಕ್ಕೆ ಮಾಡಿದ್ದಲ್ಲ.

ಗಾಜಿನ ಗೇಮಿಂಗ್ ಪ್ಯಾಡ್ ಬೇರೆ ಜಾತಿ. ಅದರ ಮೇಲ್ಮೈಯನ್ನು ಬೇಕಂತಲೇ ಒರಟು ಮಾಡಿರುತ್ತಾರೆ. ಹೊಸ ಸೆನ್ಸರ್‌ಗಳಲ್ಲಿ ಹೆಚ್ಚಿನವು ಅದರ ಮೇಲೆ ಚೆನ್ನಾಗಿ ಓಡುತ್ತವೆ, ಹಳೆಯ ಕೆಲವು ತಡವರಿಸುತ್ತವೆ. ನಿಮ್ಮ ಮೌಸ್ ಬಟ್ಟೆ ಮೇಲೆ ಸರಿ, ಗಾಜಿನ ಮೇಲೆ ನಡುಕ ಅಂದರೆ ಮೊದಲು ಬೆರಳಚ್ಚು, ಧೂಳು ಒರೆಸಿ. ಫರ್ಮ್‌ವೇರ್ ಅಪ್‌ಡೇಟ್ ನೋಡಿ, ಕೆಲವು ಸಾಫ್ಟ್‌ವೇರಿನಲ್ಲಿ ಗಾಜಿಗೆಂದೇ ಮೋಡ್ ಇರುತ್ತದೆ. ಅದೂ ಆಗದಿದ್ದರೆ ಆ ಜೋಡಿ ಹೊಂದುವುದಿಲ್ಲ, ಬಿಟ್ಟುಬಿಡಿ. ಅಂಚು ಒಡೆದ ಅಥವಾ ಬಿರುಕು ಬಿಟ್ಟ ಗಾಜಿನ ಪ್ಯಾಡನ್ನು ಒಂದು ದಿನವೂ ಬಳಸಬೇಡಿ. ಫ್ಲಿಕ್ ಮಾಡುವ ಕೈ ಅದರ ಮೇಲೇ ಹಾದು ಹೋಗುತ್ತದೆ.

## ಪಾಯಿಂಟರ್ ಬಿಟ್ಟು ಬಿಟ್ಟು ಓಡುತ್ತದೆ

ಹಾಳೆಯ ಮೇಲೂ ಹೀಗೇ ಆದರೆ ಪ್ಯಾಡ್ ಬಿಟ್ಟು ಸಿಗ್ನಲ್ ಕಡೆ ಬನ್ನಿ. ವೈರ್‌ಲೆಸ್ ಆಗಿದ್ದರೆ ಬ್ಯಾಟರಿ ಚಾರ್ಜ್ ಮಾಡಿ. ಡಾಂಗಲ್ (ಮೌಸಿನ ಸಿಗ್ನಲ್ ಹಿಡಿಯುವ ಪುಟ್ಟ ಯುಎಸ್‌ಬಿ ತುಂಡು) ಎಲ್ಲಿದೆ ನೋಡಿ. ಕಂಪ್ಯೂಟರ್ ಹಿಂಬದಿಯಲ್ಲಿ, ಯುಎಸ್‌ಬಿ 3 ಪೋರ್ಟಿನಲ್ಲಿ, ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಕೇಬಲ್ ಇದ್ದರೆ ಅದೇ ಕಾರಣ ಇರಬಹುದು. ಯುಎಸ್‌ಬಿ 3 ಹೊರಡಿಸುವ ರೇಡಿಯೊ ಗದ್ದಲ ವೈರ್‌ಲೆಸ್ ಮೌಸಿನ 2.4 ಗಿಗಾಹರ್ಟ್ಜ್ ಸಿಗ್ನಲ್‌ಗೆ ಅಡ್ಡಿ ಮಾಡುತ್ತದೆ ಅಂತ ಇಂಟೆಲ್ 2012ರಲ್ಲೇ ವಿವರವಾಗಿ ಬರೆದಿತ್ತು. ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ಡಾಂಗಲನ್ನು ಮೌಸಿನ ಹತ್ತಿರ, ಒಂದು ಗೇಣು ದೂರಕ್ಕೆ ತನ್ನಿ.

ವೈರಿನ ಮೌಸ್ ಆಗಿದ್ದರೆ, ವೈರು ಮೌಸ್ ಸೇರುವ ಜಾಗವನ್ನು ಮೆಲ್ಲಗೆ ಬಗ್ಗಿಸಿ. ಕಂಪ್ಯೂಟರ್ 'ಟಣ್' ಅಂತ ಸದ್ದು ಮಾಡಿ ಮೌಸ್ ಹೋಗಿ ಬಂದರೆ ಒಳಗೆ ತಂತಿ ತುಂಡಾಗಿದೆ. ಪೋಲಿಂಗ್ ರೇಟನ್ನು (ಮೌಸ್ ಸೆಕೆಂಡಿಗೆ ಎಷ್ಟು ಸಲ ಕಂಪ್ಯೂಟರಿಗೆ ವರದಿ ಕಳಿಸುತ್ತದೆ ಅನ್ನುವುದನ್ನು) 8000 ಹರ್ಟ್ಜ್‌ಗೆ ಏರಿಸಿದ ಮೇಲೆ ಆಟ ತಡವರಿಸುತ್ತಿದ್ದರೆ 1000ಕ್ಕೆ ಇಳಿಸಿ, ಪ್ರೊಸೆಸರ್ ಮೇಲಿನ ಹೊರೆ ಇಳಿಯುತ್ತದೆ. 1000 ಅಂದರೆ ಮಿಲಿಸೆಕೆಂಡಿಗೊಂದು ವರದಿ, ಅದು ಕಮ್ಮಿಯೇನಲ್ಲ.

## ಮೌಸ್ ಹಿಡಿದು ಹಿಡಿದು ಜಾರುತ್ತದೆ

ಪಾಯಿಂಟರ್ ಸರಿಯಾಗೇ ಇದೆ, ಕೈಗೆ ಮಾತ್ರ ಭಾರ. ಇದು ಸೆನ್ಸರ್ ವಿಷಯವೇ ಅಲ್ಲ. ಹೊಸ ಪಾದ ಅಂಟಿಸಿದ್ದರೆ ಮೇಲಿನ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ನಗಬೇಡಿ, ತಿಂಗಳುಗಟ್ಟಲೆ ಹಾಗೇ ಆಡಿದವರನ್ನು ನೋಡಿದ್ದೇನೆ. ತೇವದ ದಿನಗಳಲ್ಲಿ ಬಟ್ಟೆ ಪ್ಯಾಡ್ ನಿಧಾನ ಆಗುವುದೂ ಸಹಜ. ಪಾದ ಸವೆದು ಮೌಸಿನ ಪ್ಲಾಸ್ಟಿಕ್ ತಳವೇ ತಾಗುತ್ತಿದ್ದರೆ ಪಾದ ಬದಲಿಸಿ. ಹಳೇ ಅಂಟು ಪೂರ್ತಿ ತೆಗೆದ ಮೇಲೇ ಹೊಸದು ಹಾಕಿ. ಒಂದರ ಮೇಲೊಂದು ಅಂಟಿಸಿದರೆ ಸೆನ್ಸರ್ ಎತ್ತರ ಕೆಡುತ್ತದೆ.

## ಎಲ್ಲಿಗೆ ನಿಲ್ಲಿಸಬೇಕು

ಮೌಸಿನ ಹೊಟ್ಟೆ ಉಬ್ಬಿದ್ದರೆ, ಮೇಲಿನ ಕವಚ ಬಾಯಿ ಬಿಟ್ಟಿದ್ದರೆ, ಚಾರ್ಜ್ ಮಾಡುವಾಗ ಕೈ ಸುಡುವಷ್ಟು ಬಿಸಿಯಾದರೆ ಇನ್ನು ಯಾವ ಪರೀಕ್ಷೆಯೂ ಬೇಡ. ಒಳಗಿನ ಲಿಥಿಯಂ ಬ್ಯಾಟರಿ ಊದಿರಬಹುದು. ಚಾರ್ಜರ್ ಕೀಳಿ, ಒತ್ತಬೇಡಿ, ಚುಚ್ಚಬೇಡಿ, ಹಾಸಿಗೆ ಬಟ್ಟೆಯಿಂದ ದೂರ ಇಟ್ಟು ಸರ್ವಿಸ್ ಸೆಂಟರಿಗೆ ಕೇಳಿ. ಕಸದ ಬುಟ್ಟಿಗೆ ಹಾಕುವ ವಸ್ತುವಲ್ಲ ಅದು. ನೀರು, ಕಾಫಿ ಒಳಗೆ ಹೋಗಿದ್ದರೂ ಹಾಗೇ, ಮೊದಲು ಆಫ್ ಮಾಡಿ.

ಲೆನ್ಸ್ ಸ್ವಚ್ಛ, ಬಿಳಿ ಹಾಳೆಯ ಮೇಲೂ ಗೆರೆ ಹಾರುತ್ತದೆ, ಇನ್ನೊಂದು ಕಂಪ್ಯೂಟರಿಗೆ ಹಾಕಿದರೂ ಹಾಗೇ ಇದೆ. ಈ ಮೂರೂ ಸೇರಿದರೆ ಮಾತ್ರ 'ಸೆನ್ಸರ್ ಹೋಯ್ತು' ಅನ್ನಬಹುದು. ವಾರಂಟಿ ಇದ್ದರೆ ಸ್ಕ್ರೂ ಬಿಚ್ಚಬೇಡಿ. ಸ್ಕ್ರೂಗಳು ಹೆಚ್ಚಾಗಿ ಪಾದಗಳ ಕೆಳಗೇ ಇರುತ್ತವೆ, ಪಾದ ಕಿತ್ತ ಗುರುತು ಸಾಕು, ಅಲ್ಲೇ ತಕರಾರು ಶುರು. ವಾರಂಟಿ ಮುಗಿದಿದ್ದರೆ ಬಿಚ್ಚಿ ನೋಡಿ, ತಪ್ಪೇನಿಲ್ಲ. ಲೆನ್ಸ್ ತನ್ನ ಜಾಗದಿಂದ ಎದ್ದಿದ್ದರೆ ಒತ್ತಿ ಕೂರಿಸಿದರೆ ಕೆಲವೊಮ್ಮೆ ಸರಿಹೋಗುತ್ತದೆ. ಬಿದ್ದ ಮೌಸ್‌ಗಳಲ್ಲಿ ಇದನ್ನು ಕಂಡಿದ್ದೇನೆ. ಸೆನ್ಸರ್ ಚಿಪ್ ಅನ್ನೇ ಬೆಸುಗೆ ಬಿಡಿಸಿ ಬದಲಿಸುವುದು ಮಾತ್ರ ರಿಪೇರಿಯವರ ಕೆಲಸ, ಖರ್ಚು ಹೊಸ ಮೌಸಿನ ಹತ್ತಿರಕ್ಕೇ ಬರುತ್ತದೆ.

ದೂರು ಕೊಡುವಾಗ ಒಂದೇ ವಿಡಿಯೊ ಮಾಡಿ: ಬಿಳಿ ಹಾಳೆ, ಅದರ ಮೇಲೆ ಮೌಸ್, ಹಿಂದೆ ಸ್ಕ್ರೀನಿನಲ್ಲಿ ಹಾರುವ ಗೆರೆ, ಮೂರೂ ಒಟ್ಟಿಗೆ ಕಾಣಬೇಕು. 'ಬೇರೆ ಪ್ಯಾಡ್ ಹಾಕಿ ನೋಡಿದ್ರಾ?' ಅಂತ ಅವರು ಕೇಳುವ ಮೊದಲ ಪ್ರಶ್ನೆಗೆ ಅದರಲ್ಲೇ ಉತ್ತರ ಇರುತ್ತದೆ.